ಹದಿನಾಲ್ಕು ಎಂದು ಬರೆದ ಕೈ

ಮೊನ್ನೆ ಸಪ್ತಾಪುರದ ಕಟಿಂಗ್ ಅಂಗಡಿಯಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕೂತಿದ್ದೆ. ಬಟ್ಟಲಲ್ಲಿ ಬಣ್ಣ ಕಲಸುತ್ತಿದ್ದಂತೆ ಅಮೋನಿಯಾದ ಘಾಟು ಮೂಗಿಗೆ ಬಡಿಯಿತು, ಅದರ ಹಿಂದೆಯೇ ಅವನು ನೆನಪಾದ. ಬೇಲೂರು ಕೈಗಾರಿಕಾ ಪ್ರದೇಶದ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಮೇಲಿದ್ದ ಹಿರಿಯ ಮಿಸ್ತ್ರಿ. ಆ ಮನುಷ್ಯನ ಬಗ್ಗೆ ಒಳ್ಳೆಯ ಮಾತು ನನ್ನಿಂದ ನಿರೀಕ್ಷಿಸಬೇಡಿ.

ನಾವು ಇಡುತ್ತಿದ್ದುದು ಒಣಮೆಣಸಿನಕಾಯಿ. ಕೋಣೆ ತಂಪು ಮಾಡುವ ಅಮೋನಿಯಾವನ್ನು ಕಂಪ್ರೆಸರ್ ಒತ್ತಿ ಹೊರಗಿನ ಕೊಳವೆಗಳಿಗೆ ಕಳಿಸುತ್ತದೆ, ಅಲ್ಲಿ ಮೇಲಿಂದ ನೀರು ಸುರಿದು ಅದರ ಬಿಸಿ ಇಳಿಸುತ್ತೇವೆ. ಕೊಳವೆಗೆ ಸವಳು ನೀರಿನ ಉಪ್ಪಿನ ಪದರು ಕಟ್ಟಿದರೆ ಬಿಸಿ ಇಳಿಯುವುದಿಲ್ಲ, ಒತ್ತಡ ಏರುತ್ತದೆ. ಒತ್ತಡದ ಮೀಟರಿನ ಮುಳ್ಳು ಹದಿನಾರು ದಾಟಿದರೆ ಕಟೌಟ್ ಎಂಬ ಪೆಟ್ಟಿಗೆ ತಾನಾಗಿ ಯಂತ್ರ ನಿಲ್ಲಿಸಬೇಕು. ಆಗ ಕೊಳವೆ ತಿಕ್ಕಬೇಕು, ಅಷ್ಟೇ. ಆದರೆ ತಿಕ್ಕಲು ಇಡೀ ದಿನ ಬೇಕು, ಯಂತ್ರ ನಿಂತರೆ ಮಾಲೀಕರು ಬೈಯುತ್ತಾರೆ. ಅದಕ್ಕೆ ಈ ಮಹಾನುಭಾವ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಹದಿನಾರು ದಾಟಿದರೂ ಯಂತ್ರ ನಿಲ್ಲದಂತೆ ಕಟೌಟಿನ ತಿರುಪನ್ನೇ ತಿರುಗಿಸಿಬಿಡುತ್ತಿದ್ದ. ಮೊದಲಿದ್ದ ಜಾಗ ಮರೆಯದಿರಲೆಂದು ಅಲ್ಲೊಂದು ಕುಂಕುಮದ ಚುಕ್ಕಿ ಬೇರೆ! ತಪಾಸಣೆಯವರು ಬರುವ ದಿನ ತಿರುಪು ಮತ್ತೆ ಚುಕ್ಕಿಗೆ ಬರುತ್ತಿತ್ತು.

ಗಂಟೆಗೊಮ್ಮೆ ಒತ್ತಡ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮುಳ್ಳು ಹದಿನೆಂಟರ ಹತ್ತಿರ ನಡುಗುತ್ತಿತ್ತು. ಅವನದು ಒಂದೇ ಮಾತು.

"ಹದಿನಾಲ್ಕು ಅಂತ ಬರಿ. ನನಗ ಕಲಿಸಬ್ಯಾಡ."

ಬರೆದೆ... ಎರಡು ಬೇಸಿಗೆ ಬರೆದೆ. ಸುಳ್ಳೇಕೆ ಹೇಳಲಿ, ಹೆದರಿ ಬರೆದೆ.

ಒಂದು ಮಧ್ಯಾಹ್ನ ಯಂತ್ರದ ಕೋಣೆಯೊಳಗೇ ಕೊಳವೆಯ ಜೋಡಣೆ ಸಿಡಿದು ಅಮೋನಿಯಾ ನುಗ್ಗಿತು. ಅವನು ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದ. ಒಳಗಿದ್ದವನು ನಾನು. ವಾಲ್ವ್ ಮುಚ್ಚಿ ಹೊರಬರುವಷ್ಟರಲ್ಲಿ ಬಲಗಣ್ಣು ಸುಟ್ಟಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮಾಲೀಕರು ಇಬ್ಬರನ್ನೂ ಕರೆಸಿದರು. ತಿರುಪು ಆಗಲೇ ಚುಕ್ಕಿಗೆ ಮರಳಿತ್ತು. ಅವನು ಪುಸ್ತಕ ಬಿಚ್ಚಿ ಅವರ ಮುಂದಿಟ್ಟ.

"ನೋಡ್ರಿ ಸಾಹೇಬ್ರ, ದಿನಾ ಹದಿನಾಲ್ಕು ಅಂತ ಬರದಾನ. ಒತ್ತಡ ಏರಿದ್ದು ನನಗ ಹೆಂಗ ಗೊತ್ತಾಗಬೇಕು? ಅಕ್ಷರ ಯಾರದು, ಕೇಳ್ರಿ."

ಅಕ್ಷರ ನನ್ನದೇ. ಅಂದೇ ಕೆಲಸ ಹೋಯಿತು, ಕಣ್ಣು ಕಳಕೊಂಡವನ ತಲೆಯ ಮೇಲೇ ತಪ್ಪೂ ಬಂತು.

ಹನ್ನೊಂದು ವರ್ಷ ಅವನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. 'ನಾನೇ ಹೇಳಿ ಬರೆಸಿದೆ' ಎಂದು ಅವನ ಬಾಯಿಂದ ಒಮ್ಮೆ ಕೇಳಬೇಕಿತ್ತು, ಬೇರೇನೂ ಬೇಡವಾಗಿತ್ತು. ಕಳೆದ ತಿಂಗಳು ಗಟ್ಟಿ ಮನಸ್ಸು ಮಾಡಿ ಕಮರಿಪೇಟೆಯ ಅವನ ಮನೆಗೆ ಹೋದೆ. ಗೋಡೆಯ ಮೇಲೆ ಅವನ ಫೋಟೋ, ಅದಕ್ಕೆ ಹಾರ... ಅವನ ಹೆಂಡತಿ ಚಹಾ ಕೊಟ್ಟು ಹೆಸರು ಕೇಳಿದರು. ಹೇಳಿದ ಕೂಡಲೇ ಅವರ ಮುಖ ಅರಳಿತು.

"ನೀವ ಏನ್ರಿ ಅವರು? ನಿಮ್ಮ ಅಕ್ಷರ ಭಾಳ ಛಂದ ಅಂತ ಹೇಳತಿದ್ರು. ಅದಕ್ಕ ಪುಸ್ತಕ ನಿಮ್ಮ ಕೈಯಾಗ ಕೊಟ್ಟಿದ್ರಂತ."

ಬಾಯಿಗೆ ಬಂದಿದ್ದ ಬೈಗುಳವನ್ನೆಲ್ಲ ಚಹಾದ ಜೊತೆ ನುಂಗಿ ಎದ್ದು ಬಂದೆ.

ಬಣ್ಣ ಹಚ್ಚುವವನು ಕೈ ನಿಲ್ಲಿಸಿ, ಕಣ್ಣು ಉರಿಯುತ್ತಿದೆಯೇ ಎಂದು ಕೇಳಿದ. ಬಲಗಣ್ಣಿನಲ್ಲಿ ಯಾವಾಗಲೂ ನೀರು ಬರುತ್ತದೆ ಎಂದೆ. ಕನ್ನಡಿಯಲ್ಲಿ ನೋಡಿದರೆ ಎಡಗಣ್ಣೂ ತುಂಬಿತ್ತು. ಮಿಸ್ತ್ರಿ ಸತ್ತನೆಂಬ ದುಃಖವಲ್ಲ ಅದು. 'ನಾನೇ ಬರೆಸಿದೆ' ಎಂಬ ಆ ಒಂದು ಮಾತು ಹೇಳಬಲ್ಲವನು ಅವನೊಬ್ಬನೇ ಇದ್ದ.