ಹದಿನಾಲ್ಕನೇ ಸಾಲು

ಸಾಬೂದಾನ ವಡೆ ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮನೆಯವರು ಇದನ್ನು ಹೊಟ್ಟೆಯ ತೊಂದರೆ ಅಂದುಕೊಂಡಿದ್ದಾರೆ. ಸಂಕಷ್ಟಿಯ ದಿನ ಎದುರು ಮನೆಯ ಮರಾಠಿ ಹೆಂಗಸು, ಕಾಕು, ತಟ್ಟೆ ತುಂಬ ವಡೆ ತಂದರೆ, ಇವರಿಗೆ ಆಗಿಬರುವುದಿಲ್ಲ ಎಂದು ಹೆಂಡತಿಯೇ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಸಮಜಾಯಿಷಿ ಹೇಳುತ್ತಾಳೆ. ಹೊಟ್ಟೆಗೆ ಏನೂ ಆಗಿಲ್ಲ. ಆದದ್ದೆಲ್ಲ ತೊಂಬತ್ತರ ದಶಕದ ಒಂದು ಮಂಗಳವಾರ, ಠಾಣೆಯ ಕೋಪರಿಯ ಫುಟ್‌ಬಾಲ್ ಮೈದಾನದಲ್ಲಿ.

ಆಗ ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೆ. ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತ. ಹೋಟೆಲ್ ಕೆಲಸಕ್ಕೆಂದು ಉಡುಪಿ ಕಡೆಯಿಂದ ಬಂದವರು ಸೇರಿ ಕಟ್ಟಿದ ನಮ್ಮ ಕ್ಲಬ್ಬು ಜಿಲ್ಲಾ ಲೀಗಿನಲ್ಲಿ ಆಡುತ್ತಿತ್ತು. ಲೀಗಿಗೆ ಎರಡು ಡಿವಿಜನ್. ಮೇಲಿನದರಲ್ಲಿ ಎಂಟು ತಂಡ. ಕೊನೆಗೆ ಉಳಿದದ್ದು ಕೆಳಗಿನದಕ್ಕೆ ಇಳಿಯಬೇಕು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ನಡುವೆ ಹೋಟೆಲಿನಲ್ಲಿ ಒಂದಿಷ್ಟು ಬಿಡುವು ಇರುತ್ತದಲ್ಲ, ನಮ್ಮವರ ಪ್ರಾಕ್ಟೀಸು, ಪಂದ್ಯ ಎಲ್ಲ ಆ ಹೊತ್ತಿನಲ್ಲೇ. ಎದುರಾಳಿಗಳು ನಿದ್ದೆ ಮಾಡಿ, ಮೈ ಸಡಿಲಿಸಿಕೊಂಡು ಬರುತ್ತಿದ್ದರು. ನಮ್ಮವರು ಬೆಳಗಿನ ಐದು ಗಂಟೆಯಿಂದ ನಿಂತ ಕಾಲುಗಳನ್ನೇ ತಂದು ಆಡಬೇಕು. ಸೋಲದೆ ಇನ್ನೇನಾಗುತ್ತದೆ? ಆ ವರ್ಷ ಸೋತದ್ದೇ ಸೋತದ್ದು.

ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಕಾಗದ ಬರೆಯಲು ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನನ್ನು ಸೆಕ್ರೆಟರಿ ಮಾಡಿದ್ದರು. ಅಧ್ಯಕ್ಷರು ಹೋಟೆಲಿನ ಧಣಿ. ಡೊಂಬಿವಲಿ ಪೂರ್ವದಲ್ಲಿ, ಗಣಪತಿ ಗುಡಿಗೆ ಹೋಗುವ ಹಾದಿಯಲ್ಲೇ ಅವರ ಹೋಟೆಲು. ತಂಡದ ಅರ್ಧಕ್ಕರ್ಧ ಜನ ಅವರಲ್ಲೇ ಕೆಲಸಕ್ಕಿದ್ದರು. ನಮ್ಮ ಜೊತೆಗೆ ಬಿಜಾಪುರದವರೊಬ್ಬರು. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲಾರಿಗೆ ಚೀಲ ಹೇರುವ ಹಮಾಲಿ ಅವರದು. ಒಮ್ಮೆ ಮೈದಾನದ ಗೋಡೆ ಕಟ್ಟುವಾಗ ಸಿಮೆಂಟ್ ಚೀಲ ಇಳಿಸಲು ಬಂದವರು ನಮ್ಮ ಪಂದ್ಯ ನೋಡಿ, ಕಿವಿಗೆ ಕನ್ನಡ ಬಿತ್ತೆಂದು ನಿಂತು, ಅಲ್ಲಿಂದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಫುಟ್‌ಬಾಲ್ ಆಟದ ತಲೆಬುಡ ಗೊತ್ತಿರದೆ ಬಂದ ಆ ಮನುಷ್ಯ ಎರಡು ವರ್ಷದಲ್ಲಿ ನನಗಿಂತ ಚೆನ್ನಾಗಿ ಆಟ ಓದುತ್ತಿದ್ದರು.

ಸಂಜೆ ಆಫೀಸಿನಿಂದ ಬಂದವನು ನೇರ ಹೋಟೆಲಿಗೆ ಹೋಗುತ್ತಿದ್ದೆ. ಮೂಲೆಯ ಮೇಜಿನ ಮೇಲೆ ಎಂಟು ಚಟ್ನಿ ಬಟ್ಟಲುಗಳನ್ನು ಸಾಲಾಗಿ ಇಡುವುದು. ಒಂದೊಂದು ಬಟ್ಟಲು ಒಂದೊಂದು ತಂಡ. ಯಾರು ಯಾರನ್ನು ಸೋಲಿಸಿದರೆ ಯಾವ ಬಟ್ಟಲು ಎಲ್ಲಿಗೆ ಸರಿಯುತ್ತದೆ ಎಂದು ಗಂಟೆಗಟ್ಟಲೆ ಲೆಕ್ಕ. ಒಮ್ಮೆ ಮೇಜು ಒರೆಸಲು ಬಂದವನು ಬಟ್ಟಲುಗಳನ್ನು ಅತ್ತಿತ್ತ ಮಾಡಿ ನಮ್ಮನ್ನು ಎರಡನೇ ಸ್ಥಾನಕ್ಕೆ ಏರಿಸಿಬಿಟ್ಟ. ಇನ್ನು ಮೇಲೆ ಕೋಚ್ ಇವನೇ ಎಂದು ಧಣಿ ನಗಾಡಿದರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನನಗಿದ್ದದ್ದು ಕ್ಲಬ್ಬಿನ ಚಿಂತೆ ಮಾತ್ರ ಅಲ್ಲ. ನಮ್ಮ ಸ್ಟಾಪರ್, ಅಂದರೆ ಗೋಲಿನ ಮುಂದೆ ಗೋಡೆಯಾಗಿ ನಿಲ್ಲುವವನು, ಅದೇ ಹೋಟೆಲಿನಲ್ಲಿ ವಡೆ ಕರಿಯುತ್ತಿದ್ದ. ನಮ್ಮೂರಿನ ಪಕ್ಕದ ಊರಿನವನು. ನನ್ನನ್ನು ಅಣ್ಣ ಎನ್ನುತ್ತಿದ್ದ, ಆ ಮಾತಿಗೆ ತಕ್ಕಂತೆಯೇ ನಡೆದುಕೊಳ್ಳುತ್ತಿದ್ದ. ಸರ್ಕಾರಿ ಕಾರ್ಖಾನೆಯೊಂದು ತನ್ನ ತಂಡಕ್ಕೆ ಆಟಗಾರರನ್ನು ಹುಡುಕುತ್ತಿತ್ತು. ಆಯ್ಕೆಯಾದರೆ ಪರ್ಮನೆಂಟ್ ಕೆಲಸ, ಕ್ವಾರ್ಟರ್ಸು. ಅವರ ತರಬೇತುದಾರ ಇವನ ಆಟ ನೋಡಿ ಒಪ್ಪಿಯೂ ಆಗಿತ್ತು. ಷರತ್ತು ಎರಡು. ಲೀಗ್ ಮುಗಿದ ಮೇಲೆ ಅರ್ಜಿ ಹಾಕುವಾಗ ಮೇಲಿನ ಡಿವಿಜನ್ನಿನ ಕ್ಲಬ್ಬಿನವನಾಗಿರಬೇಕು. ವಯಸ್ಸು ಇಪ್ಪತ್ತೈದು ದಾಟಿರಬಾರದು. ಇವನಿಗೆ ಇದೇ ಕೊನೆಯ ವರ್ಷ. ಬೇರೆ ಕ್ಲಬ್ಬಿಗೆ ಹೋಗೋಣವೆಂದರೆ, ಆಟಕ್ಕೆಂದು ಮಧ್ಯಾಹ್ನ ಬಿಟ್ಟುಕೊಡುವ ಧಣಿ ಇದ್ದದ್ದು ನಮ್ಮಲ್ಲಿ ಮಾತ್ರ. ನಾವು ಇಳಿದರೆ ಅವನು ಸಾಯುವತನಕ ಬಾಣಲೆಯ ಮುಂದೆಯೇ. ಇದು ಆ ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿತ್ತು. ಧಣಿಗೂ ಗೊತ್ತಿತ್ತು.

ಕೊನೆಗೆ ಒಂದು ಪಂದ್ಯ ಉಳಿಯಿತು. ನಮ್ಮಷ್ಟೇ ಅಂಕವಿದ್ದ, ಗೋಲಿನ ಲೆಕ್ಕದಲ್ಲಿ ಮಾತ್ರ ನಮಗಿಂತ ಮೇಲಿದ್ದ ಕಲ್ಯಾಣದ ತಂಡ ತನ್ನ ಪಂದ್ಯಗಳನ್ನೆಲ್ಲ ಮುಗಿಸಿ ಕೂತಿತ್ತು. ನಮಗೆ ಒಂದು ಡ್ರಾ ಸಾಕು. ಗೆಲ್ಲುವುದೇ ಬೇಡ, ಗೋಲು ಬಿಟ್ಟುಕೊಡದಿದ್ದರೆ ಆಯಿತು. ಹಾಗಾಗಿ ಎಲ್ಲ ಭಾರವೂ ಸ್ಟಾಪರ್ ಮೇಲೆ. ಎದುರಾಳಿ ನವಿ ಮುಂಬಯಿಯ ತಂಡ. ಮೈದಾನ ಮಂಗಳವಾರ ಇಲ್ಲವೇ ಬುಧವಾರ ಸಿಗುತ್ತದೆ, ಯಾವುದು ಬೇಕು ಹೇಳಿ ಎಂದು ಲೀಗಿನವರು ನನ್ನನ್ನು ಕೇಳಿದರು.

ಇಲ್ಲಿ ನಾನು ಜಾಣತನ ಮಾಡಿದೆ. ಎದುರಾಳಿಯ ಮುಖ್ಯ ಫಾರ್ವರ್ಡ್, ಗೋಲು ಹೊಡೆಯುವವನು, ತುರ್ಭೆಯ ಕಾರ್ಖಾನೆಯಲ್ಲಿದ್ದ. ಅವನಿಗೆ ವಾರದ ರಜೆ ಬುಧವಾರ. ಮಂಗಳವಾರ ಆಡಿಸಿದರೆ ಅವನು ಡ್ಯೂಟಿಯಲ್ಲಿ ಸಿಕ್ಕಿಬೀಳುತ್ತಾನೆ. ಮಂಗಳವಾರವೇ ಇರಲಿ ಎಂದು ಬರೆದುಕೊಟ್ಟೆ. ಸಂಜೆ ಮೇಜಿನಲ್ಲಿ ಇದನ್ನು ಹೇಳಿದಾಗ ಧಣಿ ಬೆನ್ನು ತಟ್ಟಿ, ನಿಮ್ಮ ತಲೆಯೇ ತಲೆ ಎಂದರು. ಅವರ ಗಲ್ಲಾಪೆಟ್ಟಿಗೆಯ ಹಿಂದೆಯೇ ಗೋಡೆ ಕ್ಯಾಲೆಂಡರು ನೇತಾಡುತ್ತಿತ್ತು. ಆ ಮಂಗಳವಾರ ಅಂಗಾರಕಿ. ಮಂಗಳವಾರದಂದೇ ಸಂಕಷ್ಟಿ ಬಿದ್ದರೆ ಈ ಸೀಮೆಯಲ್ಲಿ ಅರ್ಧ ಜನ ಉಪವಾಸ, ಉಪವಾಸದವರೆಲ್ಲ ಗಣಪತಿ ಗುಡಿಯ ಹಾದಿಯುದ್ದಕ್ಕೂ ಸಾಬೂದಾನ ತಿನ್ನುತ್ತಾರೆ. ಉಡುಪಿ ಕಡೆಯ ನನಗೆ ಉಪವಾಸ ಎಂದರೆ ಏಕಾದಶಿ. ಎದುರಾಳಿಯ ರಜೆ ಯಾವತ್ತು ಎಂದು ಹುಡುಕಿದವನು ನಮ್ಮವನಿಗೆ ಬಿಡುವು ಯಾವತ್ತು ಎಂದು ನೋಡಲಿಲ್ಲ. ನಾನು ಮರೆತೆ, ಸರಿ. ಆದರೆ ಗಣಪತಿ ಗುಡಿಯ ಹಾದಿಯಲ್ಲಿ ಇಪ್ಪತ್ತು ವರ್ಷ ಹೋಟೆಲ್ ನಡೆಸಿದ ಮನುಷ್ಯನಿಗೆ ಅಂಗಾರಕಿ ಮರೆಯುತ್ತದೆಯೆ? ಸಾಬೂದಾನದ ಚೀಲ ತರಿಸಿಟ್ಟಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮಂಗಳವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕೋಪರಿಗೆ ಹೋದೆ. ಬಿಜಾಪುರದವರು ನನಗಿಂತ ಮೊದಲೇ ಬಂದಿದ್ದರು. ಮೂರು ಗಂಟೆಗೆ ತಂಡ ಲೋಕಲ್ ರೈಲಿನಿಂದ ಇಳಿದು ಬಂತು. ಎಣಿಸಿದೆ, ಹದಿಮೂರು ಜನ. ಸ್ಟಾಪರ್ ಇಲ್ಲ. ಹೋಟೆಲಿನಲ್ಲಿ ಭಾರೀ ಜನ, ಧಣಿ ಉಳಿದವರನ್ನು ಕಳಿಸಿ ಅವನೊಬ್ಬನನ್ನು ಇಟ್ಟುಕೊಂಡಿದ್ದಾರೆ ಎಂದರು ಹುಡುಗರು. ಮೈದಾನದ ಎದುರಿನ ಪಿಸಿಒದಿಂದ ಫೋನು ಮಾಡಿದೆ. ಧಣಿಯೇ ಎತ್ತಿದರು.

"ಎಂತ ಮಾಡುದು ಮಾರಾಯ್ರೆ, ಕಾಲಿಡ್ಲಿಕ್ಕೆ ಜಾಗ ಇಲ್ಲ. ಇನ್ನು ಎರಡು ಒಬ್ಬೆ ವಡೆ ತೆಗ್ದ ಕೂಡ್ಲೆ ಕಳಿಸ್ತೇನೆ."

ಅವರ ಮಾತಿನ ಹಿಂದೆ ಎಣ್ಣೆ ಚುರುಗುಟ್ಟುವುದು ಕೇಳುತ್ತಿತ್ತು. ಅವನ ಜೀವನದ ಪ್ರಶ್ನೆ, ಈಗಲೇ ಕಳಿಸಿ ಎಂದೆ. ಗೊತ್ತುಂಟು ಗೊತ್ತುಂಟು ಎನ್ನುತ್ತಲೇ ಫೋನಿಟ್ಟರು. ಮತ್ತೆ ಮಾಡಿದರೆ ಎತ್ತುವವರಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಆ ಧಣಿಯ ಮೇಲೆ ಸಿಟ್ಟು, ಸಾಬೂದಾನದ ಮೇಲೆ ಸಿಟ್ಟು, ಹೊತ್ತಾದ ಕೂಡಲೇ ಬಾಣಲೆ ಬಿಟ್ಟು ಓಡಿಬಾರದೆ ನಿಂತಿದ್ದಾನಲ್ಲ ಎಂದು ಅವನ ಮೇಲೂ ಸಿಟ್ಟು. ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು.

ಲೀಗಿನ ಗುಮಾಸ್ತ ಮರದ ಕೆಳಗೆ ಮೇಜು ಹಾಕಿಕೊಂಡು ಹೆಸರಿನ ಪಟ್ಟಿ ಕೇಳಿದ. ಹನ್ನೊಂದು ಜನ ಆಡುವವರು, ಮೂವರು ಬದಲಿ. ಒಟ್ಟು ಹದಿನಾಲ್ಕು ಸಾಲು. ಪಂದ್ಯ ಶುರುವಾಗುವ ಮೊದಲು ಹೆಸರು ಪಟ್ಟಿಯಲ್ಲಿದ್ದರೆ ತಡವಾಗಿ ಬಂದವನನ್ನೂ ಇಳಿಸಬಹುದು, ಇಲ್ಲದಿದ್ದರೆ ಇಲ್ಲ. ಹದಿಮೂರು ಹೆಸರು ಬರೆದೆ. ಹದಿನಾಲ್ಕನೇ ಸಾಲು ಖಾಲಿ. ಬಿಜಾಪುರದವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಅವನ ಹೆಸರ ಬರೀರಿ ಸಾಹೇಬ್ರ. ಬರ್ತಾನ್ರಿ ಅಂವ. ಜಾಗಾ ಖಾಲಿ ಐತಲ್ಲ."

"ಬರುದಿಲ್ಲ. ಅಲ್ಲೇ ವಡೆ ಕರಿತಾ ಇರ್ಲಿ," ಎಂದು ಆ ಸಾಲಿನ ಮೇಲೆ ಅಡ್ಡ ಗೆರೆ ಎಳೆದೆ. ಕಾಗದ ಹರಿಯುವಷ್ಟು ಒತ್ತಿ ಎಳೆದೆ. ಬರೆದಿದ್ದರೆ ನನಗೆ ಏನೂ ನಷ್ಟವಿರಲಿಲ್ಲ. ಆ ಗಳಿಗೆಯಲ್ಲಿ ಧಣಿಯ ಕೆನ್ನೆಗೆ ಬಾರಿಸಬೇಕೆಂದಿದ್ದ ಕೈ ಅದು. ಧಣಿ ಡೊಂಬಿವಲಿಯಲ್ಲಿದ್ದರು, ಕಾಗದ ಇಲ್ಲಿತ್ತು.

ಮೊದಲರ್ಧ ಚೆನ್ನಾಗಿಯೇ ನಡೆಯಿತು. ನನ್ನ ಜಾಣತನ ಫಲಿಸಿತ್ತು. ತುರ್ಭೆಯ ಫಾರ್ವರ್ಡ್ ಬಂದಿರಲಿಲ್ಲ. ಸ್ಟಾಪರ್ ಜಾಗದಲ್ಲಿ ಇಡ್ಲಿ ಬೇಯಿಸುವವನೊಬ್ಬ ನಿಂತು ಕಾಲಿಗೆ ಸಿಕ್ಕಿದ್ದನ್ನೆಲ್ಲ ಹೊರಗೆ ಒದೆಯುತ್ತಿದ್ದ. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷಕ್ಕೆ ಸ್ಟೇಷನ್ ಕಡೆಯಿಂದ ಒಬ್ಬ ಓಡಿ ಬರುವುದು ಕಂಡಿತು. ಬನಿಯನ್ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ಬೂಟು, ಮೊಣಕೈ ತನಕ ಎಣ್ಣೆಯ ಜಿಡ್ಡು. ಜನ ಕಡಿಮೆಯಾಗುವುದನ್ನು ಕಾದು ಸಾಕಾಗಿ, ಧಣಿ ಬೇಡವೆಂದರೂ ಬಾಣಲೆ ಬಿಟ್ಟು ಬಂದೆ ಎಂದ. ಕೂತು ಬೂಟು ಹಾಕಿಕೊಳ್ಳುತ್ತ ಕೇಳಿದ, "ಯಾರನ್ನು ತೆಗಿತೀರಿ ಅಣ್ಣಾ?"

"ರೆಫ್ರಿ ಒಪ್ಪುದಿಲ್ಲವಂತೆ. ತಡ ಆಯ್ತಂತೆ," ಎಂದೆ.

ಬಿಜಾಪುರದವರು ಪಕ್ಕದಲ್ಲೇ ಇದ್ದರು. ಕೇಳಿಸಿಕೊಂಡರು.

ಅವನು ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ. ಎರಡೂ ಕಟ್ಟಿ ಗೆರೆಯ ಹೊರಗೆ ನಿಂತು, ಹಿಂದೆ ಬಾ, ಬಲಕ್ಕೆ ಸರಿ ಎಂದು ಇಡ್ಲಿಯವನಿಗೆ ತುಳುವಿನಲ್ಲಿ ಕೂಗುತ್ತಲೇ ಇದ್ದ. ಮುಗಿಯಲು ಏಳು ನಿಮಿಷವಿದ್ದಾಗ ಎದುರಾಳಿಗೆ ಕಾರ್ನರ್ ಸಿಕ್ಕಿತು. ಚೆಂಡು ಎತ್ತರದಲ್ಲಿ ಬಂತು. ವರ್ಷವಿಡೀ ಅವನು ತಲೆಯಿಂದ ಹೊರಗೆ ಹಾಕಿದ ಚೆಂಡು ಅದೇ. ನನ್ನ ಪಕ್ಕದಲ್ಲಿ, ಗೆರೆಯ ಹೊರಗೆ, ಅವನು ಸರಿಯಾದ ಗಳಿಗೆಗೆ ಹಾರಿದ್ದನ್ನು ನಾನು ನೋಡಿದೆ. ಒಳಗೆ ಇಡ್ಲಿಯವನು ಹಾರಲಿಲ್ಲ. ಒಂದು ಗೋಲು. ಅಷ್ಟಕ್ಕೇ ಮುಗಿಯಿತು.

ಎಲ್ಲ ಮುಗಿದ ಮೇಲೆ ಧಣಿ ಟ್ಯಾಕ್ಸಿಯಲ್ಲಿ ಬಂದಿಳಿದರು, ಹುಡುಗರಿಗೆಂದು ಪೊಟ್ಟಣ ಕಟ್ಟಿಸಿ ತಂದಿದ್ದರು. ಸಾಬೂದಾನ ವಡೆ. ಎಂತಾಯ್ತು ಎಂದು ಕೇಳಿದರು. ನಾನು ಬಾಯಿಗೆ ಬಂದಂತೆ ಬೈದೆ. ನಿಮ್ಮ ಬಾಣಲೆಗೆ ಬೆಂಕಿ ಬೀಳಲಿ ಎಂದೆ, ಅವನ ಅನ್ನ ಕಿತ್ತುಕೊಂಡಿರಿ ಎಂದೆ. ಕೋಪರಿಯ ಜನ ನಿಂತು ನೋಡಿದರು. ಧಣಿ ತಲೆ ತಗ್ಗಿಸಿ, ತಪ್ಪಾಯ್ತು ಮಾರಾಯ್ರೆ ಎಂದರು. ಸ್ಟಾಪರ್ ಮಾತ್ರ ಬೈಯಲಿಲ್ಲ. ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿ ಬೂಟು ಬಿಚ್ಚಿದ. ಬೈಯುತ್ತಿದ್ದಷ್ಟು ಹೊತ್ತು ನನಗೆ ಹಾಯೆನಿಸಿತ್ತು. ಅದನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಸ್ಟೇಷನ್ನಿಗೆ ಬಿಜಾಪುರದವರ ಜೊತೆ ನಡೆದೆ. ಇಬ್ಬರೂ ಸೇತುವೆ ಹತ್ತಿದೆವು. ಮೇಲೆ ನಿಂತು ಅವರು ಹೇಳಿದರು, "ಸೇಠ್‌ಗ ಬೈದ್ರಿ, ಚೊಲೋ ಆತು. ಆ ಗೆರಿ ಎಳದಾವಗ ಯಾರ ಬೈಬೇಕ್ರಿ ಸಾಹೇಬ್ರ?"

ನಾನು ಅವರ ಮೇಲೆಯೂ ರೇಗಿದೆ. ನಿಮಗೇನು ಗೊತ್ತು ಎಂದೆ. ಅವರು ಬೇರೆ ಡಬ್ಬಿ ಹತ್ತಿದರು. ಆಮೇಲೆ ಕ್ಲಬ್ಬು ಕೆಳಗಿನ ಡಿವಿಜನ್ನಿನಲ್ಲಿ ಒಂದು ವರ್ಷ ಆಡಿ ಚದುರಿಹೋಯಿತು. ಅವರು ಒಂದು ದಿನವೂ ಮೈದಾನಕ್ಕೆ ಬರಲಿಲ್ಲ.

ಮೂರು ವರ್ಷದ ನಂತರ ಆಫೀಸಿನ ಕೆಲಸದ ಮೇಲೆ ವಾಶಿಗೆ ಹೋದಾಗ ಒಂದು ಕ್ಯಾಂಟೀನಿನ ಒಳಗಿಂದ ಯಾರೋ ಅಣ್ಣಾ ಎಂದು ಕೂಗಿದರು. ಅವನೇ. ಹೊಟ್ಟೆ ಬಂದಿತ್ತು, ಕೂದಲು ಉದುರಿತ್ತು, ಎದುರಿಗೆ ಬಾಣಲೆ. ಕುರ್ಚಿ ಒರೆಸಿ ಕೂರಿಸಿದ. ಹೆಂಡತಿ, ಮಗು ಎಲ್ಲ ವಿಚಾರಿಸಿಕೊಂಡ ಮೇಲೆ ಮಾತು ಅಲ್ಲಿಗೇ ಬಂತು.

"ಆ ಧಣಿ ಒಂದು ಗಂಟೆ ಮೊದ್ಲು ಬಿಟ್ಟಿದ್ರೆ ನಾನು ಇವತ್ತು ಎಲ್ಲಿ ಇರ್ತಿದ್ದೆ ಅಲ್ವಾ ಅಣ್ಣಾ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದು ಧಣಿಯನ್ನು ಬೈದೆ. ಅವನಿಗಿಂತ ಜೋರಾಗಿ ಬೈದೆ, ಮೈದಾನದಲ್ಲಿ ಬೈದದ್ದಕ್ಕಿಂತ ಹೆಚ್ಚು ಬೈದೆ. ತನ್ನ ಪರವಾಗಿ ಇಷ್ಟು ಸಿಟ್ಟಾಗಲು ಇನ್ನೂ ಒಬ್ಬರಿದ್ದಾರೆ ಎಂದು ಅವನ ಕಣ್ಣು ತುಂಬಿತು. ಎದ್ದು ಹೋಗಿ ತಟ್ಟೆ ಹಿಡಿದು ಬಂದ. ಅವತ್ತು ಸಂಕಷ್ಟಿ ಇತ್ತು.

"ನಿಮಗೆ ಅಂತ ಈಗ ಕರ್ದದ್ದು. ಬಿಸಿ ಉಂಟು, ತಿನ್ನಿ ಅಣ್ಣಾ."

ಎರಡು ವಡೆಗಳಿದ್ದವು. ಅವನು ನೋಡುತ್ತ ನಿಂತಿದ್ದ. ಎರಡನ್ನೂ ತಿಂದೆ.