ರ‍್ಯಾಲಿ ನೋಡಲು ಹೋಗಿ ಮರ ನೋಡಿ ಬಂದೆ

ಸ್ನೇಹಿತರೇ, ಇವತ್ತು ಮಗಳನ್ನ ಕರ್ಕೊಂಡು ಹಂದನಕೆರೆ ಹತ್ರ ಕಾರ್ ರ‍್ಯಾಲಿ ನೋಡೋಕೆ ಹೋಗಿದ್ದೆ. ಮಣ್ಣುರಸ್ತೆಯ ತಿರುವಲ್ಲಿ ವಿಷಲ್ ಹಿಡಿದಿದ್ದ ರ‍್ಯಾಲಿಯವರೊಬ್ಬರು ನಮ್ಮನ್ನೆಲ್ಲ ಪಕ್ಕದ ತೆಂಗಿನ ತೋಟಕ್ಕೆ ಅಟ್ಟಿದರು. “ಮರದ ಕೆಳಗೆ ನಿಂತ್ಕೊಳ್ಳಿ ಸರ್, ಅಲ್ಲಿ ಸೇಫು.”

ತೋಟದ ಯಜಮಾನರು ಬೈಕಿಂದ ಇಳಿದ ಮೇಲೂ ಹೆಲ್ಮೆಟ್ ತೆಗೆಯದೆ ನಿಂತಿದ್ದರು. ಇವರಿಗೂ ರ‍್ಯಾಲಿ ಹುಚ್ಚು ಅಂದ್ಕೊಂಡೆ.

“ಆ ಮರದಡಿ ಬ್ಯಾಡ ಕಣಪ್ಪ,” ಅಂದರು. “ಕೊಬ್ಬರಿಗೆ ಅಂತ ಕಾಯಿ ಕೆಡವಿಲ್ಲ. ಬಲಿತು ತಾವಾಗೇ ಬೀಳ್ತಾವೆ.”

“ಮತ್ತೆ ಯಾವ ಮರದಡಿ ನಿಲ್ಲಲಿ?”

“ಎಲ್ಲಾ ಅಂಗೇಯ.”

ಮುಂದೆ ಹೋದರೆ ಕಾರು, ಹಿಂದೆ ನಿಂತರೆ ಕಾಯಿ. ಕಾರು ಬಂದಾಗಲೆಲ್ಲ ಜನ ಹೋ ಅಂತ ರಸ್ತೆ ನೋಡಿದರು. ನಾನು ಮಗಳ ತಲೆ ಮೇಲೆ ಎರಡೂ ಕೈ ಇಟ್ಟು ಮರ ನೋಡಿದೆ. ಅಷ್ಟರಲ್ಲಿ ದೊಪ್ ಅಂತ ಒಂದು ಕಾಯಿ ವಿಷಲ್‌ನವರ ಕಾಲ ಬುಡಕ್ಕೇ ಬಿತ್ತು. ಅವರ ಬಾಯಿಂದ ವಿಷಲ್ ಜಾರಿತು. ಯಜಮಾನರು ನಿಧಾನವಾಗಿ ಬಂದು ಕಾಯಿ ಎತ್ಕೊಂಡು ಹೋದರು.

ಮನೆಗೆ ಬಂದ ಕೂಡಲೇ ಹೆಂಡತಿ ಕೇಳಿದಳು, “ಯಾರ್ ಗೆದ್ರು?”

“ಕಾರ್ ಇಲ್ದೇನೂ ಹೆಲ್ಮೆಟ್ ಹಾಕಿದ್ದೋರು,” ಅಂದೆ.