ನಾಲ್ಕನೆಯದಕ್ಕೆ ಸೌತೆಕಾಯಿ

ನನ್ನ ಗಂಡ ಮದ್ದೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಒಂದು ಮಳೆಗಾಲ, ಸಾವಿರ ಕಾಲಿನ ಹುಳ ನಾಲ್ಕು ಹಿಡಿದು ಲ್ಯಾಬಿನ ಸ್ಪಿರಿಟ್ ಬಾಟಲಿಯಲ್ಲಿ ಮುಳುಗಿಸಿಡಲು ಅವರಿಗೆ ಹೇಳಿದರಂತೆ. ಹಿಡಿದರು, ಮುಳುಗಿಸಲಿಲ್ಲ. ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಅವನ್ನು ಕೂರಿಸಿಕೊಂಡು ಬಸ್ಸಿನಲ್ಲಿ ಗುತ್ತಲಿನ ನಮ್ಮ ಮನೆಗೆ ತಂದರು. ಆ ಡಬ್ಬಿಗೆ ನಾನು ಮತ್ತೆ ಅನ್ನ ಹಾಕಲಿಲ್ಲ.

"ಜನ ನಾಯಿ ಸಾಕ್ತಾರೆ, ಕೋಳಿ ಸಾಕ್ತಾರೆ. ನಿಮಗೇನ್ರೀ ಬಂದಿರೋದು ದೊಡ್ರೋಗ?" ಅಂದೆ.

"ಬೊಗಳಲ್ಲ, ಕಚ್ಚಲ್ಲ, ನಿನ್ ಥರ ಬೈಯಲ್ಲ. ಇರ್ಲಿ ಬುಡೇ" ಅಂದರು.

ಪ್ಲಾಸ್ಟಿಕ್ ಟಬ್ಬಿಗೆ ಮಣ್ಣು ತುಂಬಿ ಕಿಟಕಿಯ ಕೆಳಗೆ ಇಟ್ಟರು. ಊಟದ ಉಪಚಾರವನ್ನಂತೂ ಕೇಳಲೇಬೇಡಿ. ಹಲಸಿನದೂ ಅತ್ತಿಯದೂ ಕೊಳೆತ ಎಲೆ ಆಗಬೇಕು, ಬೇವು ಹೊಂಗೆ ಸೋಕಬಾರದು. ಮೈಮೇಲಿನ ಚಿಪ್ಪು ಗಟ್ಟಿಯಾಗಲು ಮೊಟ್ಟೆಯ ಸಿಪ್ಪೆಯನ್ನು ಕುಟ್ಟಿ ಪುಡಿ ಮಾಡಬೇಕು. ಮಾರ್ಕೆಟ್ಟಿನ ತರಕಾರಿಗೆ ಔಷಧಿ ಹೊಡೆದಿರುತ್ತಾರೆಂದು ಕಾಂಪೌಂಡಿನ ಪಕ್ಕ ಸೌತೆ ಬೀಜ ಹಾಕಿ ಬಳ್ಳಿ ಹಬ್ಬಿಸಿದರು. ಹೆಂಡತಿಗೆ ಒಂದು ಮಲ್ಲಿಗೆ ಬಳ್ಳಿ ನೆಡದ ಮಹಾನುಭಾವರು ಹುಳಕ್ಕೆ ಚಪ್ಪರ ಹಾಕಿದರು! ಅವು ಮಣ್ಣಿನೊಳಗೆ ಹೋಗಿ ತಿಂಗಳುಗಟ್ಟಲೆ ಕಾಣದಿದ್ದಾಗ ಮಾತ್ರ ನನಗೆ ನೆಮ್ಮದಿ. "ಪೊರೆ ಬಿಡ್ತಾ ಇರ್ತವೆ. ಮಣ್ ಕೆದಕಬ್ಯಾಡ ಕಣೇ, ಸತ್ತೋಯ್ತವೆ. ಅವೇ ಬತ್ತವೆ" ಅನ್ನುತ್ತಿದ್ದರು.

ಹೋದ ವರ್ಷ, ಎದೆ ಹಿಡಿದುಕೊಂಡಂತಾಗಿದೆ ಅಂದವರು ಮಾರನೆಯ ದಿನಕ್ಕೆ ಇರಲಿಲ್ಲ. ಹನ್ನೊಂದನೆಯ ದಿನದ ತಿಥಿ ಮುಗಿಸಿ ನೆಂಟರೆಲ್ಲ ಹೊರಟರು. ಆಮೇಲೆ ಮನೆಯಲ್ಲಿ ಮಾತಾಡಲು ಯಾರೂ ಉಳಿಯಲಿಲ್ಲ, ಬೈಯಲು ಈ ನಾಲ್ಕು ಉಳಿದವು. ಕೆರೆಯಂಗಳಕ್ಕೆ ಎಸೆದು ಬರೋಣವೆಂದು ಟಬ್ಬು ಎತ್ತಿಕೊಂಡು ಗೇಟಿನವರೆಗೂ ಹೋಗಿದ್ದೆ. ಅಲ್ಲಿ ಸೌತೆ ಬಳ್ಳಿಗೆ ನೀರಿಲ್ಲದೆ ಎಲೆ ಬಾಡಿದ್ದು ಕಂಡಿತು. ಟಬ್ಬು ಕೆಳಗಿಟ್ಟು ನೀರು ಹಾಕಿದೆ. ಅಂದಿನಿಂದ ದಿನಾ ಹಾಕಿದೆ. ಬಳ್ಳಿ ಒಣಗಿದಾಗ ಅದರ ಬೀಜವನ್ನೇ ಅಲ್ಲಿ ಮತ್ತೆ ಊರಿದೆ.

ಮೊನ್ನೆ ಬೇಸಿಗೆಯಲ್ಲಿ, ನಾಲ್ಕರಲ್ಲಿ ಒಂದು ಮಣ್ಣಿನೊಳಗೆ ಸೇರಿ ಇಪ್ಪತ್ತು ದಿನವಾಗಿತ್ತು. ಪಿಂಚಣಿಯ ಕಾಗದಕ್ಕೆಂದು ಮದ್ದೂರಿಗೆ ಹೋಗಿ ಬಂದು, ಒಂದು ಎಳೆಕಾಯಿ ಕಿತ್ತು ತೆಳ್ಳಗೆ ಹೆಚ್ಚಿ ಉಳಿದ ಮೂರಕ್ಕೆ ಹಾಕಿದೆ. ಬೆಳಿಗ್ಗೆ ನೋಡಿದರೆ ಮೂರೂ ಮಣ್ಣಿನ ಮೇಲೆ ನೆಟ್ಟಗೆ ಮಲಗಿವೆ. ಮುಟ್ಟಿದರೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುತ್ತಿದ್ದವು. ಮುಟ್ಟಿದೆ. ಸುತ್ತಿಕೊಳ್ಳಲಿಲ್ಲ.

ಹೊರಗೆ ಬಂದು ಬಳ್ಳಿಯ ಎಲೆ ಮೂಸಿದೆ. ಘಾಟು. ಎದುರುಮನೆಯ ಅಣ್ಣ ಕಬ್ಬು, ತರಕಾರಿ ಬೆಳೆಯುವವರು, ಜಗಲಿಯ ಮೇಲೆ ಕೂತಿದ್ದರು. ಬಳ್ಳಿಗೆ ಯಾರು ಏನು ಹಾಕಿದ್ದು ಅಂತ ಕೇಳಿದೆ.

"ಟ್ಯಾಂಕ್‌ನಲ್ಲಿ ವಸಿ ಔಸ್ದಿ ಉಳ್ದಿತ್ತು ಕಣಮ್ಮ. ನೀನೂ ಊರಲ್ಲಿರ್ಲಿಲ್ಲ, ನಿನ್ ಬಳ್ಳಿಗೆ ಉಳ ಬಿದ್ದಿತ್ತು. ಅದ್ಕೇ ಒಡ್ದೆ. ಯಾಕೆ?"

"ಯಾರಣ್ಣ ಕೇಳ್ದೋರು ನಿನ್ನ? ಯಾರ್ ಕೇಳ್ದೋರು? ನಮ್ಮನೆಯವರು ಸಾಕಿದ್ದ ಹುಳ ಸತ್ತೋದ್ವಲ್ಲ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಕೂಗುತ್ತ ಕೂಗುತ್ತ ಅಳು ಬಂತು. ತಿಥಿಯ ದಿನವೂ ನಾನು ಹಾಗೆ ಅತ್ತಿರಲಿಲ್ಲ. ನನ್ನ ಗಂಡ ಬಿಟ್ಟುಹೋದವನ್ನು ನನ್ನ ಕೈಯಾರೆ ಕೊಂದಿದ್ದೆ.

"ಉಳ ಸಾಯ್ಲಿ ಅಂತ್ಲೇ ಅಲ್ವೇನಮ್ಮ ಔಸ್ದಿ ಒಡ್ಯೋದು? ಉಳ ಸತ್ತೋದ್ವು ಅಂತ ಅಳ್ತೀಯಲ್ಲ!" ಎಂದು ಪಾಪ, ಅವರು ಕಣ್ ಕಣ್ ಬಿಟ್ಟರು.

ಬಳ್ಳಿಯನ್ನು ಬೇರುಸಮೇತ ಕಿತ್ತೆಸೆದೆ. ಮಣ್ಣಿನೊಳಗಿದ್ದ ನಾಲ್ಕನೆಯದು ಆ ಕಾಯಿ ತಿಂದಿರಲಿಲ್ಲ. ಆದರೆ ಬದುಕಿತ್ತೋ ಇಲ್ಲವೋ, ಕೆದಕಿ ನೋಡುವಂತಿಲ್ಲ. ಎರಡು ದಿನದ ಮೇಲೆ ಎದುರುಮನೆಯವರು ಕಾಂಪೌಂಡಿನ ಮೇಲೆ ಪೊಟ್ಟಣವೊಂದನ್ನು ಇಟ್ಟರು. "ನಾಟಿ ಸೌತೆ ಬೀಜ ಕಣಮ್ಮ. ನಿನ್ ಬಳ್ಳಿ ತಂಟೆಗೆ ಬರಾಕಿಲ್ಲ, ಬುಡು."

ಹಳೆಯ ಬಕೆಟ್ಟಿಗೆ ಬೇರೆ ಮಣ್ಣು ತುಂಬಿ, ಬೀಜ ಹಾಕಿ, ಹಿತ್ತಲಲ್ಲಿ ಕಣ್ಣೆದುರೇ ಇಟ್ಟುಕೊಂಡೆ. ಮೊಳಕೆ ಬಂತು, ಹಬ್ಬಿತು, ಹೂವಾಯಿತು. ಟಬ್ಬಿನ ಮಣ್ಣಿಗೆ ನೀರು ಚಿಮುಕಿಸುವಾಗಲೆಲ್ಲ ಕೈ ತುರಿಸುತ್ತಿತ್ತು. ಒಂದೇ ಒಂದು ಬೆರಳಷ್ಟು ಕೆದಕಲೇ ಅಂತ. ಕೆದಕಲಿಲ್ಲ. ಮೊದಲ ಕಾಯಿ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಒಂದು ಹೋಳು ಇಡುವುದು, ಮಾರನೆಯ ಬೆಳಿಗ್ಗೆ ಮುಟ್ಟದೆ ಬಾಡಿದ ಹೋಳನ್ನು ತೆಗೆಯುವುದು. ಹಸಿವಿಲ್ಲದವರ ಮನೆಯಲ್ಲಿ ಅಡುಗೆ ಮಾಡಿದ ಹಾಗಾಯಿತು. ನನ್ನ ಪಾಡೂ ಅದೇ ಆಗಿತ್ತು.

ಹನ್ನೊಂದನೆಯ ಹೋಳಿರಬೇಕು. ಅಂಚು ಅರ್ಧಚಂದ್ರದ ಹಾಗೆ ಸವೆದಿತ್ತು. ಅದರ ಕೆಳಗೆ, ಹೊಸ ಚಿಪ್ಪು ತೊಟ್ಟು, ಇನ್ನೂ ಬಣ್ಣ ತುಂಬದ ಮೈಯಲ್ಲಿ, ನಾಲ್ಕನೆಯದು.

"ರೀ! ಬಂತು ಕಣ್ರೀ! ಬನ್ನಿ ಇಲ್ಲಿ!" ಎಂದು ನಡುಮನೆಯ ಕಡೆ ತಿರುಗಿ ಕೂಗಿಬಿಟ್ಟೆ.

ಬೀದಿಯಲ್ಲಿದ್ದ ಎದುರುಮನೆಯವರು ಗೇಟಿನ ಹತ್ತಿರ ಬಂದು ನಿಂತರು. "ಯಾರ್ನಮ್ಮ ಕರ್ದಿದ್ದು?" ಎಂದು ಮೆಲ್ಲಗೆ ಕೇಳಿದರು.

"ಯಾರ್ನೂ ಇಲ್ಲ ಕಣಣ್ಣ" ಅಂದೆ.